ಲಾಂಚ್ ಯಾರದ್ದು, ದಡ ಯಾರದ್ದು?

ಈ ಸಲದ ಕಲಿಕೆಯ ಅಂಕಣಕ್ಕೆ ನಾವು ಆರಿಸಿಕೊಂಡ ವಿಷಯ ಕೇಳಿದ್ರೆ ನಗ್ತೀರಿ: ಒಂದು ಫೆರಿ ಬಂದರಿನ ಮಾಲೀಕತ್ವ ಮತ್ತು ಆಡಳಿತ. ಬರೀತಾ ಇರೋ ನಾವು ಮೂವರು. ಇಬ್ಬರು ಶಿಕಾರಿಪುರದವರು, ಒಬ್ಬ ಸೊರಬದವನು. ಎರಡೂ ತಾಲ್ಲೂಕಿನಲ್ಲಿ ಕೆರೆಗಳಿವೆ, ಕುಮುದ್ವತಿ ಇದೆ, ದಂಡಾವತಿ ಇದೆ, ಬಂದರು ಮಾತ್ರ ಇಲ್ಲ. ಆದ್ರೆ ಪಕ್ಕದ ಸಾಗರ ತಾಲ್ಲೂಕಿಗೆ ಹೋದ್ರೆ ಶರಾವತಿ ಹಿನ್ನೀರಿದೆ, ಅಲ್ಲಿ ಲಾಂಚ್ ಇತ್ತು. ಸಿಗಂದೂರಿಗೆ ಹೋದವರೆಲ್ಲ ಆ ಲಾಂಚ್ ಹತ್ತಿದವರೇ. ಬಸ್ಸು, ಕಾರು, ಬೈಕು, ಜನ ಎಲ್ಲ ಒಟ್ಟಿಗೆ ನೀರು ದಾಟೋದನ್ನ ನಾವು ಚಿಕ್ಕವರಿದ್ದಾಗ ಜಾತ್ರೆ ನೋಡಿದ ಹಾಗೆ ನೋಡಿದ್ದೀವಿ. ಅದೂ ಒಂದು ಫೆರಿ ಬಂದರೇ. ಸಾಗರದ ಕಡೆ ಲಾಂಚ್ ಹತ್ತೋ ಜಾಗದ ಹೆಸರು ಹೊಳೆಬಾಗಿಲು. ಬಂದರು ಅಂದ್ರೆ ಏನು ಅಂತ ಒಂದೇ ಪದದಲ್ಲಿ ಹೇಳಿ ಅಂದ್ರೆ ಇದಕ್ಕಿಂತ ಒಳ್ಳೆ ಉತ್ತರ ಇಲ್ಲ.

ಪಿಯುಸಿ ಮುಗಿದ ಬೇಸಿಗೆಯಲ್ಲಿ, ಅಂದ್ರೆ 2024ರಲ್ಲಿ, ನಾವು ಎರಡು ಬೈಕಿನಲ್ಲಿ ಹೋಗಿದ್ವಿ. ಸೊರಬದ ಗೆಳೆಯನ ಅಜ್ಜಿಯ ತವರಿನ ಕಡೆಯವರು ಆಚೆ ದಡದಲ್ಲಿದ್ದಾರೆ. ಅಜ್ಜಿ ಮುಳುಗಡೆಯ ಕಾಲದಲ್ಲಿ ಗಂಡನ ಮನೆಯವರ ಜೊತೆ ಈ ಕಡೆ ಬಂದವರು. ನೆಂಟರ ಮನೆ ಊಟ, ಮೇಲೆ ಮಾತು, ಮೇಲೆ ಇನ್ನೊಂದು ಸುತ್ತು ಕಾಫಿ. ದಡಕ್ಕೆ ಬರೋ ಹೊತ್ತಿಗೆ ಸಂಜೆಯ ಕೊನೆ ಲಾಂಚ್ ಹೋಗಿತ್ತು. ತಪ್ಪು ನಮ್ದೇ, ಟೈಮ್ ಗೊತ್ತಿತ್ತು. ಅಲ್ಲಿ ಕೂತಿದ್ದ ಒಬ್ಬ ಅಜ್ಜ ಹೇಳಿದ್ದು ಮಾತ್ರ ಇನ್ನೂ ಮರೆತಿಲ್ಲ: "ನಿಮ್ಗೆ ಇವತ್ತೊಂದು ರಾತ್ರಿ ಕಣ್ರೋ ತಮ್ಮಾ. ನಮ್ಗೆ ದಿನಾ ಸಂಜೆನೂ ಹಿಂಗೇ."

ವಾಪಸ್ ನೆಂಟರ ಮನೆಗೆ ಹೋಗಿ ಮಲಗಿದ್ವಿ. ಆದ್ರೆ ಒಂದು ಪ್ರಶ್ನೆ ತಲೆಯಲ್ಲೇ ಉಳೀತು. ಕೊನೆ ಲಾಂಚ್ ಎಷ್ಟು ಗಂಟೆಗೆ ಅಂತ ತೀರ್ಮಾನ ಮಾಡೋದು ಯಾರು? ಆ ಅಜ್ಜನನ್ನ ಯಾರಾದ್ರೂ ಕೇಳ್ತಾರಾ? ಈ ಲೇಖನ ಆ ಪ್ರಶ್ನೆಯಿಂದಲೇ ಶುರುವಾಗಿದ್ದು.

1. ಮೊದಲು ಎರಡು ಪದ

ಮಾಲೀಕತ್ವ ಅಂದ್ರೆ ಆಸ್ತಿ ಯಾರ ಹೆಸರಲ್ಲಿದೆ ಅನ್ನೋದು. ಆಡಳಿತ ಅಂದ್ರೆ ತೀರ್ಮಾನ ಯಾರು ತಗೋತಾರೆ, ಯಾರಿಗೆ ಉತ್ತರ ಕೊಡಬೇಕು ಅನ್ನೋದು. ಇವೆರಡನ್ನೂ ನಾವು ಒಂದೇ ಅಂದುಕೊಂಡುಬಿಡ್ತೀವಿ.

ನಮ್ಮೂರಿನ ಕೆರೆಯನ್ನೇ ತಗೊಳ್ಳಿ. ದಾಖಲೆಯಲ್ಲಿ ಕೆರೆ ಸರ್ಕಾರದ್ದು. ಆದ್ರೆ ತೂಬು ಎತ್ತಿ ಯಾವ ಗದ್ದೆಗೆ ಯಾವತ್ತು ನೀರು ಅಂತ ನೋಡಿಕೊಳ್ತಾ ಇದ್ದವನು ನೀರುಗಂಟಿ. ಅವನು ಮಾಲೀಕ ಅಲ್ಲ. ಆದ್ರೂ ಬೇಸಿಗೆಯಲ್ಲಿ ನಿಮ್ಮ ಬೆಳೆ ಉಳಿಯುತ್ತೋ ಒಣಗುತ್ತೋ ಅನ್ನೋದು ಅವನ ಕೈಯಲ್ಲಿತ್ತು. ಅವನು ತಪ್ಪು ಮಾಡಿದ್ರೆ ಊರವರು ಕಟ್ಟೆ ಮೇಲೆ ಕೂರಿಸಿ ಕೇಳ್ತಾ ಇದ್ರು. ಹಾಗೆ ಕೂರಿಸಿ ಕೇಳೋ ವ್ಯವಸ್ಥೆ ಇದೆಯಲ್ಲ, ಅದೇ ಆಡಳಿತ.

2. ಬಂದರು ನಡೆಸೋ ನಾಲ್ಕು ಮಾದರಿ

ವಿಶ್ವಬ್ಯಾಂಕ್ ಬಂದರುಗಳನ್ನ ನಾಲ್ಕು ಮಾದರಿಯಾಗಿ ವಿಂಗಡಿಸುತ್ತೆ. ಎಕ್ಸಾಮಿಗೆ ಬಾಯಿಪಾಠ ಮಾಡೋ ಥರ ಬೇಡ, ನಮ್ಮ ಹಾಸ್ಟೆಲ್ ಊಟದ ಲೆಕ್ಕದಲ್ಲಿ ನೋಡೋಣ.

ಮೊದಲನೆಯದು ಸರ್ವಿಸ್ ಪೋರ್ಟ್. ಕಟ್ಟಡ, ಒಲೆ, ಅಡುಗೆಯವರು ಎಲ್ಲ ಕಾಲೇಜಿನದ್ದೇ ಆಗಿರೋ ಮೆಸ್ ಇದ್ದ ಹಾಗೆ. ನೆಲ, ಯಂತ್ರ, ಕೆಲಸಗಾರರು ಎಲ್ಲ ಸರ್ಕಾರದ್ದು.

ಎರಡನೆಯದು ಟೂಲ್ ಪೋರ್ಟ್. ಕಟ್ಟಡ, ಒಲೆ, ಪಾತ್ರೆ ಕಾಲೇಜಿನದ್ದು, ಅಡುಗೆಯವರನ್ನ ಮಾತ್ರ ಕಂಟ್ರಾಕ್ಟರ್ ಕರ್ಕೊಂಡು ಬರ್ತಾನೆ.

ಮೂರನೆಯದು ಲ್ಯಾಂಡ್‌ಲಾರ್ಡ್ ಪೋರ್ಟ್. ಜಾಗ ಕಾಲೇಜಿನದ್ದು. ಒಲೆಯಿಂದ ಹಿಡಿದು ಬಿಲ್ಲಿಂಗ್ ಮಷೀನ್ ತನಕ ಕ್ಯಾಂಟೀನ್ ನಡೆಸೋನದ್ದು. ಅವನು ಬಾಡಿಗೆ ಕಟ್ಟುತ್ತಾನೆ. ಜಗತ್ತಿನ ದೊಡ್ಡ ಬಂದರುಗಳಲ್ಲಿ ಹೆಚ್ಚಿನವು ಈಗ ಈ ಮಾದರಿಯವು.

ನಾಲ್ಕನೆಯದು ಪೂರ್ತಿ ಖಾಸಗಿ. ಗೇಟಿನ ಹೊರಗಿನ ಹೋಟೆಲು. ನೆಲವೂ ಅವನದ್ದೇ, ರೇಟೂ ಅವನದ್ದೇ.

ಇದಕ್ಕೆ ಐದನೆಯದೊಂದನ್ನ ನಾವೇ ಸೇರಿಸ್ತೀವಿ: ಕೆಲಸ ಮಾಡೋರೇ ಮಾಲೀಕರಾಗೋದು. ಮಲೆನಾಡಿನವರಿಗೆ ಇದು ಹೊಸದಲ್ಲ. ಕೊಪ್ಪದ ಸಹಕಾರ ಸಾರಿಗೆ ಹಾಗೇ ಹುಟ್ಟಿದ್ದು. 1991ರಲ್ಲಿ ಕೆಲಸ ಕಳಕೊಂಡ ಬಸ್ ಕಾರ್ಮಿಕರು ಸಹಕಾರ ಸಂಘ ಕಟ್ಟಿಕೊಂಡು ತಾವೇ ಬಸ್ ಓಡಿಸಿದ್ರು. 2020ರಲ್ಲಿ ನಷ್ಟದಿಂದ ಅದು ನಿಂತುಹೋಯ್ತು. ಒಳ್ಳೆ ಮಾಲೀಕತ್ವ ಇದ್ದರೂ ಡೀಸೆಲ್ ಬಿಲ್ ಕಟ್ಟಲೇಬೇಕು ಅನ್ನೋ ಪಾಠವೂ ಅದರಲ್ಲೇ ಇದೆ.

3. ಸಂವಿಧಾನ ಏನು ಹೇಳುತ್ತೆ

ಫಸ್ಟ್ ಇಯರ್‌ನಲ್ಲಿ ಸಂವಿಧಾನದ ಪೇಪರ್ ಪಾಸಾಗೋಕೆ ಮಾತ್ರ ಓದಿದ್ವಿ. ಏಳನೇ ಅನುಸೂಚಿ ನೆನಪಿದ್ಯಾ? ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ, ಸಮವರ್ತಿ ಪಟ್ಟಿ. ಬಂದರುಗಳು ಈ ಮೂರರಲ್ಲೂ ಹಂಚಿಹೋಗಿವೆ.

ಕೇಂದ್ರ ಪಟ್ಟಿಯ 27ನೇ ನಮೂದಿನಲ್ಲಿ ಪ್ರಮುಖ ಬಂದರುಗಳು ಬರ್ತವೆ. ಸಮವರ್ತಿ ಪಟ್ಟಿಯ 31ನೇ ನಮೂದಿನಲ್ಲಿ ಉಳಿದ ಬಂದರುಗಳು. ರಾಜ್ಯ ಪಟ್ಟಿಯ 13ನೇ ನಮೂದಿನಲ್ಲಿ ರಸ್ತೆ, ಸೇತುವೆ, ಫೆರಿ ಈ ಮೂರೂ ಒಂದೇ ಸಾಲಿನಲ್ಲಿ ಬರ್ತವೆ. ಅಂದ್ರೆ ಸಂವಿಧಾನ ಬರೆದವರ ಕಣ್ಣಿಗೆ ಲಾಂಚ್ ಅನ್ನೋದು ನೀರಿನ ಮೇಲಿನ ರಸ್ತೆ. ಅದನ್ನ ನೋಡಿಕೊಳ್ಳೋದು ರಾಜ್ಯದ ಕೆಲಸ.

ಇಲ್ಲೊಂದು ತಮಾಷೆ ಇದೆ. ಪ್ರಮುಖ ಬಂದರು ಅಂದ್ರೆ ದೊಡ್ಡ ಬಂದರು ಅಂತ ನಾವು ತಿಳ್ಕೊಂಡಿದ್ವಿ. ಹಾಗಲ್ಲ. ಕೇಂದ್ರ ಸರ್ಕಾರ ಹಾಗೆಂದು ಘೋಷಿಸಿರಬೇಕು ಅಷ್ಟೇ. ಗುಜರಾತಿನ ಮುಂದ್ರಾ ದೇಶದ ಅತಿ ದೊಡ್ಡ ಬಂದರುಗಳಲ್ಲಿ ಒಂದು, ಖಾಸಗಿಯಾಗಿ ನಡೆಯುತ್ತೆ, ಆದ್ರೆ ಕಾನೂನಿನ ಲೆಕ್ಕದಲ್ಲಿ ಅದು ಪ್ರಮುಖ ಬಂದರಲ್ಲ. ಕರ್ನಾಟಕಕ್ಕೆ ಇರೋದು ಒಂದೇ ಪ್ರಮುಖ ಬಂದರು, ನವ ಮಂಗಳೂರು, 1974ರಲ್ಲಿ ಘೋಷಣೆಯಾಗಿದ್ದು. ಕಾರವಾರ, ಬೇಲೆಕೇರಿ, ತದಡಿ, ಹೊನ್ನಾವರ, ಭಟ್ಕಳ, ಮಲ್ಪೆ, ಹಳೆ ಮಂಗಳೂರು ಇವೆಲ್ಲ ರಾಜ್ಯದ ಕೈಯಲ್ಲಿವೆ.

ನವ ಮಂಗಳೂರಿನಂಥ ಬಂದರಿನ ಆಡಳಿತ ಮಂಡಳಿಯಲ್ಲಿ ಯಾರು ಕೂರಬೇಕು ಅಂತ 2021ರ ಪ್ರಮುಖ ಬಂದರು ಪ್ರಾಧಿಕಾರಗಳ ಕಾಯ್ದೆ ಹೇಳುತ್ತೆ. ಅಧ್ಯಕ್ಷರು, ಉಪಾಧ್ಯಕ್ಷರು, ರಾಜ್ಯ ಸರ್ಕಾರ, ರೈಲ್ವೆ, ರಕ್ಷಣೆ, ಕಸ್ಟಮ್ಸ್ ಇಲಾಖೆಗಳಿಂದ ಒಬ್ಬೊಬ್ಬರು, ಸ್ವತಂತ್ರ ಸದಸ್ಯರು, ಜೊತೆಗೆ ಕೆಲಸಗಾರರ ಪರವಾಗಿ ಇಬ್ಬರು. ಇಷ್ಟ ಆಗಲಿ ಬಿಡಲಿ, ಒಂದು ಮೇಜು ಇದೆ, ಸುತ್ತ ಇಂತಿಷ್ಟು ಕುರ್ಚಿ ಇದೆ. ಯಾವ ಕುರ್ಚಿಯಲ್ಲಿ ಯಾರು ಅಂತ ನಾವು ಓದಿ ತಿಳ್ಕೋಬಹುದು.

ಈ ಮೇಜನ್ನ ನೆನಪಲ್ಲಿಟ್ಕೊಂಡು ಈಗ ಹೊಳೆಬಾಗಿಲಿಗೆ ಬನ್ನಿ.

4. ಹೊಳೆಬಾಗಿಲಿನ ಐದು ಮಾಲೀಕರು

ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಆಗಿದ್ದು 1964ರಲ್ಲಿ. ನೀರು ಹಿಂದಕ್ಕೆ ಬಂತು, ಊರುಗಳು ಮುಳುಗಿದ್ವು, ದಾರಿಗಳೂ ಮುಳುಗಿದ್ವು. ಸಾಗರ ತಾಲ್ಲೂಕಿನ ಕರೂರು, ಬಾರಂಗಿ ಹೋಬಳಿಯ ಹಳ್ಳಿಗಳು ತಾಲ್ಲೂಕು ಕೇಂದ್ರದಿಂದ ಕಡಿದುಹೋದ್ವು. ರಸ್ತೆಯಲ್ಲೇ ಹೋಗಬೇಕು ಅಂದ್ರೆ ದೊಡ್ಡ ಸುತ್ತು. ಹಾಗಾಗಿ ಲಾಂಚ್ ಬಂತು. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಒಂದು, ಹಸಿರುಮಕ್ಕಿಯಲ್ಲಿ ಒಂದು, ಮುಪ್ಪಾನೆಯಲ್ಲಿ ಒಂದು. ನಾಡಿಗೆಲ್ಲ ಕರೆಂಟ್ ಕೊಡೋಕೆ ನೆಲ ಕೊಟ್ಟವರಿಗೆ ಸಿಕ್ಕಿದ ರಸ್ತೆ ಇದು.

ಈಗ ಲಾಂಚ್ ಕಟ್ಟೆಯ ಮೇಲೆ ನಿಂತು ಸುತ್ತ ನೋಡಿ, ಯಾವುದು ಯಾರದ್ದು ಅಂತ ಬರ್ಕೊಳ್ಳಿ.

ದೋಣಿ ರಾಜ್ಯದ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯದ್ದು. ಈ ಇಲಾಖೆಯ ನಿರ್ದೇಶನಾಲಯ ಇದ್ದಿದ್ದು ಕಾರವಾರದಲ್ಲಿ, ಸಮುದ್ರದ ದಡದಲ್ಲಿ. ಘಟ್ಟದ ಮೇಲಿನ ಹಿನ್ನೀರಿನ ಲಾಂಚ್ ಕೂಡ ಅದರ ಲೆಕ್ಕಕ್ಕೇ ಸೇರಿತ್ತು. ಮೇಲಿನ ನಾಲ್ಕು ಮಾದರಿಯಲ್ಲಿ ಇದು ಮೊದಲನೆಯದು, ಸರ್ಕಾರವೇ ನಡೆಸೋ ಸರ್ವಿಸ್ ಮಾದರಿ.

ನೀರಿನ ಮಟ್ಟ ವಿದ್ಯುತ್ ನಿಗಮದ ಕೈಯಲ್ಲಿ. 1970ರಲ್ಲಿ ಶುರುವಾದ ಇವತ್ತಿನ ಕರ್ನಾಟಕ ವಿದ್ಯುತ್ ನಿಗಮಕ್ಕೆ ಜಲಾಶಯ ಒಂದು ಬ್ಯಾಟರಿ ಇದ್ದ ಹಾಗೆ. ಪೂರ್ಣ ಮಟ್ಟ 1819 ಅಡಿ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್. ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಏಸಿ ಹಾಕಿದಷ್ಟೂ ಇಲ್ಲಿ ನೀರು ಇಳಿಯುತ್ತೆ.

ರಸ್ತೆ ಇನ್ನೊಂದು ಇಲಾಖೆಯದ್ದು. ಸುತ್ತಲಿನ ಕಾಡು ಅರಣ್ಯ ಇಲಾಖೆಯದ್ದು, ಶರಾವತಿ ಕಣಿವೆ ಅಭಯಾರಣ್ಯ ಅಲ್ಲೇ ಇದೆ. ಐದನೆಯದು ದೋಣಿ ಸುರಕ್ಷಿತವಾಗಿದೆಯಾ ಅಂತ ನೋಡೋ ಕಾನೂನು. 1917ರ ಹಳೆ ಕಾಯ್ದೆಯ ಜಾಗಕ್ಕೆ ಬಂದ 2021ರ ಒಳನಾಡು ಹಡಗುಗಳ ಕಾಯ್ದೆ ಪ್ರಕಾರ ಇಂಥ ದೋಣಿಗೆ ನೋಂದಣಿ ಬೇಕು, ತಪಾಸಣೆಯ ಪ್ರಮಾಣಪತ್ರ ಬೇಕು, ನಡೆಸೋರಿಗೆ ಅರ್ಹತಾ ಪತ್ರ ಬೇಕು.

ನಾವು ಹೋದ ಬೇಸಿಗೆಯಲ್ಲಿ ನೀರು ತುಂಬಾ ಕೆಳಗೆ ಹೋಗಿತ್ತು. ಕೆಂಪು ಮಣ್ಣಿನ ಇಳಿಜಾರಿನಲ್ಲಿ ಬೈಕು ಇಳಿಸೋದೇ ಕಷ್ಟ. ಮಳೆ ತಡವಾದ ವರ್ಷಗಳಲ್ಲಿ ವಾಹನ ಹಾಕಿಕೊಳ್ಳೋದನ್ನೇ ನಿಲ್ಲಿಸಿದ್ದೂ ಉಂಟು. ಕಾರಣ ಸರಳ. ಲಾಂಚಿನ ರ‍್ಯಾಂಪ್ ದಡಕ್ಕೆ ತಾಗಬೇಕಾದ್ರೆ ತಳದಲ್ಲಿ ಸಾಕಷ್ಟು ಆಳ ಬೇಕು. ನೀರು ಇಳಿದಂತೆ ದಡ ಮುಂದೆ ಹೋಗುತ್ತೆ, ಕಟ್ಟಿದ ಕಟ್ಟೆ ಹಿಂದೆ ಉಳಿಯುತ್ತೆ.

ನಮ್ಮ ಕಂಟ್ರೋಲ್ ಸಿಸ್ಟಮ್ ಭಾಷೆಯಲ್ಲಿ ಹೇಳೋದಾದ್ರೆ, ಲಾಂಚ್ ನಡೆಸೋರಿಗೆ ನೀರಿನ ಮಟ್ಟ ಅನ್ನೋದು ಹೊರಗಿನ ಇನ್‌ಪುಟ್. ಅದನ್ನ ಬದಲಿಸೋ ಅಧಿಕಾರ ಅವರಿಗಿಲ್ಲ. ನೀರು ಬಿಡೋರಿಗೆ ಲಾಂಚ್ ಓಡುತ್ತೋ ಇಲ್ವೋ ಅನ್ನೋದು ಔಟ್‌ಪುಟ್ಟೇ ಅಲ್ಲ. ಎರಡರ ನಡುವೆ ಫೀಡ್‌ಬ್ಯಾಕ್ ಲೂಪ್ ಎಲ್ಲಿದೆ? ದಡದಲ್ಲಿ ಕೂತ ಅಜ್ಜನಲ್ಲಿದೆ. ಅವರಿಗೆ ಎಲ್ಲ ಗೊತ್ತು. ಆದ್ರೆ ಅವರ ವೈರ್ ಯಾವ ಬೋರ್ಡಿಗೂ ಕನೆಕ್ಟ್ ಆಗಿಲ್ಲ.

ಇಲ್ಲಿ ಯಾರೋ ಒಬ್ಬರು ಕೆಟ್ಟವರು ಅಂತ ನಾವು ಹೇಳ್ತಾ ಇಲ್ಲ. ಪ್ರತಿಯೊಬ್ಬರೂ ತಮ್ಮ ಕೆಲಸ ಸರಿಯಾಗಿ ಮಾಡಿದ್ರೂ ಸಂಜೆ ಆದ ಮೇಲೆ ಹೆರಿಗೆ ನೋವು ಬಂದ ಹೆಣ್ಣುಮಗಳು ಆಚೆ ದಡದಲ್ಲೇ ಉಳೀತಾಳೆ. ಐದು ಮಾಲೀಕರಿದ್ದೂ ಒಂದು ಮೇಜಿಲ್ಲ ಅಂದ್ರೆ ಹೀಗಾಗುತ್ತೆ.

5. ಬೇರೆ ಕಡೆ ಹೇಗೆ ಮಾಡಿದ್ದಾರೆ

ಇಂಗ್ಲೆಂಡಿನ ಡೋವರ್ ಯುರೋಪಿನ ಅತಿ ಬಿಡುವಿಲ್ಲದ ಫೆರಿ ಬಂದರುಗಳಲ್ಲಿ ಒಂದು. ಅದರ ಮಾಲೀಕ ಯಾರು ಅಂದ್ರೆ ಉತ್ತರ ವಿಚಿತ್ರವಾಗಿದೆ. ಷೇರುದಾರರೇ ಇಲ್ಲ. 1606ರಲ್ಲಿ ದೊರೆ ಒಂದನೇ ಜೇಮ್ಸ್ ಕೊಟ್ಟ ಸನ್ನದಿನಿಂದ ಹುಟ್ಟಿದ ಡೋವರ್ ಹಾರ್ಬರ್ ಬೋರ್ಡ್ ಇವತ್ತಿಗೂ ಅದನ್ನ ನೋಡಿಕೊಳ್ಳುತ್ತೆ. ಇದಕ್ಕೆ ಟ್ರಸ್ಟ್ ಪೋರ್ಟ್ ಅಂತಾರೆ. ಬಂದ ಲಾಭ ವಾಪಸ್ ಬಂದರಿಗೇ ಹೋಗಬೇಕು. 2010ರಲ್ಲಿ ಬೋರ್ಡ್ ತನ್ನನ್ನ ಖಾಸಗೀಕರಣ ಮಾಡಿ ಅಂತ ಅರ್ಜಿ ಹಾಕಿತು. ಬಂದರು ಊರಿನದ್ದಾಗಬೇಕು ಅಂತ ಊರಿನ ಜನ ಚಳವಳಿ ಮಾಡಿದ್ರು. 2012ರ ಡಿಸೆಂಬರಿನಲ್ಲಿ ಸರ್ಕಾರ ಆ ಅರ್ಜಿಯನ್ನ ತಿರಸ್ಕರಿಸಿತು.

ಹಾಗಂತ ಟ್ರಸ್ಟ್ ಆದ್ರೆ ಎಲ್ಲ ಸರಿ ಹೋಯ್ತು ಅಂತಲ್ಲ. ಬಂದರು ಟ್ರಸ್ಟಿನದ್ದು, ಹಡಗು ಮಾತ್ರ ಬೇರೆ ಬೇರೆ ಕಂಪನಿಗಳದ್ದು. 2022ರ ಮಾರ್ಚ್‌ನಲ್ಲಿ ಪಿ ಅಂಡ್ ಓ ಫೆರೀಸ್ ಕಂಪನಿ ಸುಮಾರು 800 ನಾವಿಕರನ್ನ ಒಂದೇ ದಿನ ಕೆಲಸದಿಂದ ತೆಗೀತು. ಡೋವರಿನ ದಾರಿಯಲ್ಲಿ ಆ ಕಂಪನಿಯ ಹಡಗುಗಳ ಓಡಾಟ ಕೆಲವು ವಾರ ನಿಂತೇಹೋಯ್ತು. ದಡ ನಮ್ಮದಾದ್ರೂ ದೋಣಿ ಬೇರೆಯವರದ್ದಾದ್ರೆ ಹೀಗೂ ಆಗಬಹುದು.

ನಮ್ಮ ಪಕ್ಕದ ಕೊಚ್ಚಿಯಲ್ಲಿ 2023ರ ಏಪ್ರಿಲ್‌ನಲ್ಲಿ ವಾಟರ್ ಮೆಟ್ರೋ ಶುರುವಾಯ್ತು. ಅದಕ್ಕೆ ಒಂದು ಪ್ರತ್ಯೇಕ ಕಂಪನಿ ಇದೆ. ಅದರಲ್ಲಿ ಕೇರಳ ಸರ್ಕಾರದ ಪಾಲು 74 ಶೇಕಡಾ, ಕೊಚ್ಚಿ ಮೆಟ್ರೋದ ಪಾಲು 26 ಶೇಕಡಾ. ಜೆಟ್ಟಿ, ದೋಣಿ, ಟಿಕೆಟ್ ಎಲ್ಲಕ್ಕೂ ಒಂದೇ ಸಂಸ್ಥೆ ಉತ್ತರ ಹೇಳಬೇಕು. ಕಂಪ್ಲೇಂಟ್ ಯಾರಿಗೆ ಕೊಡೋದು ಅನ್ನೋ ಗೊಂದಲ ಅಲ್ಲಿ ಕಡಿಮೆ.

ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್ ಫೆರಿ ನಗರಾಡಳಿತದ್ದು. 1997ರಿಂದ ಅದರಲ್ಲಿ ನಡೆದು ಹತ್ತೋರಿಗೆ ಟಿಕೆಟ್ಟೇ ಇಲ್ಲ. ದಿನದ 24 ಗಂಟೆಯೂ ಓಡುತ್ತೆ. ದ್ವೀಪದ ಜನರೂ ನಗರದವರೇ, ಅವರ ರಸ್ತೆ ಇದು ಅನ್ನೋ ತೀರ್ಮಾನ ಅದು. ರಾತ್ರಿ ಲಾಂಚ್ ಓಡಿಸೋದಕ್ಕೆ ತಂತ್ರಜ್ಞಾನ ಒಂದೇ ಸಾಲದು, ಹೀಗೆ ಯಾರಾದ್ರೂ ತೀರ್ಮಾನ ಮಾಡಬೇಕು, ಖರ್ಚನ್ನೂ ಹೊರಬೇಕು.

6. ಸೇತುವೆ ಬಂತು, ಮಾಲೀಕರು ಬದಲಾದ್ರು

2025ರ ಜುಲೈ 14ರಂದು ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಉದ್ಘಾಟನೆಯಾಯ್ತು. ಉದ್ದ ಸುಮಾರು 2.44 ಕಿಲೋಮೀಟರ್, ಖರ್ಚು 400 ಕೋಟಿ ರೂಪಾಯಿಗೂ ಹೆಚ್ಚು. ಕೇಬಲ್ ಸೇತುವೆ. ನಮ್ಮ ಸಿವಿಲ್ ಗೆಳೆಯರು ಅದರ ಫೋಟೋ ಸ್ಟೇಟಸ್ ಹಾಕಿಕೊಂಡು ಒಂದು ವಾರ ತೆಗೀಲಿಲ್ಲ.

ಅಜ್ಜಿಯ ತವರಿನವರಿಗೆ ಅದು ಸ್ಟೇಟಸ್ ಅಲ್ಲ. ಈಗ ರಾತ್ರಿ ಹತ್ತಕ್ಕೂ ಸಾಗರದ ಆಸ್ಪತ್ರೆಗೆ ಹೊರಡಬಹುದು. 1964ರಿಂದ ಲೆಕ್ಕ ಹಾಕಿದ್ರೆ 61 ವರ್ಷ ಕಾದಿದ್ದಾರೆ. ಲಾಂಚ್ ಪ್ರಯಾಣ ಮಿಸ್ ಮಾಡ್ಕೋತೀವಿ ಅಂತ ನಾವು ಅಂದಾಗ ಅಜ್ಜಿ ಸಿಟ್ಟಾಗಿ, "ನಿಂಗೆ ಬೇಕಾದ್ರೆ ಹೋಗಿ ಈಜು" ಅಂದ್ರು. ಸರಿಯಾಗೇ ಅಂದ್ರು.

ಆದ್ರೆ ಪಾಠದ ದೃಷ್ಟಿಯಿಂದ ಇನ್ನೊಂದು ವಿಷಯ ಗಮನಿಸಿ. ಈ ಸೇತುವೆ ರಾಷ್ಟ್ರೀಯ ಹೆದ್ದಾರಿಯ ಭಾಗ. ರಾಷ್ಟ್ರೀಯ ಹೆದ್ದಾರಿ ಅಂದ್ರೆ ಕೇಂದ್ರ ಪಟ್ಟಿಯ 23ನೇ ನಮೂದು. ನಿನ್ನೆ ತನಕ ರಾಜ್ಯದ 13ನೇ ನಮೂದಿನಲ್ಲಿದ್ದ ದಾರಿ ಒಂದೇ ದಿನದಲ್ಲಿ ಕೇಂದ್ರಕ್ಕೆ ಹೋಯ್ತು. ನೀರು ಅದೇ, ಎರಡು ದಡವೂ ಅದೇ, ದಾಟೋ ಜನವೂ ಅವರೇ. ಮಾಲೀಕರು ಮಾತ್ರ ಬೇರೆ. ನಾಳೆ ಸೇತುವೆ ಮೇಲೆ ದೀಪ ಉರೀಲಿಲ್ಲ, ತಡೆಗೋಡೆ ಮುರೀತು ಅಂದ್ರೆ ಯಾರಿಗೆ ಹೇಳಬೇಕು? ಲಾಂಚ್ ಇದ್ದಾಗ ಕನಿಷ್ಠ ಅದನ್ನ ನಡೆಸೋರ ಮುಖ ಕಾಣ್ತಿತ್ತು, ಜಗಳ ಆಡಬಹುದಿತ್ತು. ಸೇತುವೆಗೆ ಮುಖ ಇಲ್ಲ.

ಹಿನ್ನೀರಿನ ಎಲ್ಲ ಊರಿಗೂ ಈ ಸೇತುವೆ ತಾಗೋದಿಲ್ಲ. ಹಸಿರುಮಕ್ಕಿ, ಮುಪ್ಪಾನೆ ಕಡೆಯವರ ದಾರಿ ಬೇರೆ. ಅವರ ಲಾಂಚಿನ ಸಮಯ, ದರ, ಬೇಸಿಗೆಯ ಬದಲಿ ವ್ಯವಸ್ಥೆ ಇವನ್ನ ತೀರ್ಮಾನಿಸೋವಾಗ ಆ ದಡದ ಒಬ್ಬರಾದ್ರೂ ಕೂತಿರಬೇಕು ಅನ್ನೋದು ನಮ್ಮ ಅಭಿಪ್ರಾಯ. ಇಲಾಖೆ, ವಿದ್ಯುತ್ ನಿಗಮ, ಅರಣ್ಯದವರು, ಗ್ರಾಮ ಪಂಚಾಯ್ತಿ, ದಿನಾ ದಾಟೋ ಇಬ್ಬರು, ವರ್ಷಕ್ಕೆ ಎರಡು ಸಲ ಒಂದೇ ಮೇಜಿಗೆ ಬಂದ್ರೆ ಸಾಕು. ಮಳೆಗಾಲ ಮುಗಿದ ಮೇಲೆ ಒಂದು ಸಲ, ಬೇಸಿಗೆ ಶುರುವಾಗೋ ಮುಂಚೆ ಒಂದು ಸಲ. ಇದಕ್ಕೆ 400 ಕೋಟಿ ಬೇಕಾಗಿಲ್ಲ. ಒಂದು ಮೇಜು, ಏಳೆಂಟು ಕುರ್ಚಿ, ಒಂದು ನಡಾವಳಿ ಪುಸ್ತಕ ಸಾಕು.

7. ಮನೆಗೆಲಸ

ಇಂಜಿನಿಯರ್ ಆಗಿ ನಾಳೆ ನಮ್ಮಲ್ಲಿ ಯಾರೋ ಒಬ್ಬರು ಜೆಟ್ಟಿ ಕಟ್ಟಬಹುದು, ಸೇತುವೆ ಕಟ್ಟಬಹುದು, ಜಲಾಶಯದ ಗೇಟಿಗೆ ಕೋಡ್ ಬರೀಬಹುದು. ಲೋಡ್ ಲೆಕ್ಕ ಹಾಕೋದು ಕಾಲೇಜು ಕಲಿಸುತ್ತೆ. ಈ ಐದು ಪ್ರಶ್ನೆ ನಾವೇ ಕಲೀಬೇಕು:

ನೆಲ ಯಾರದ್ದು?
ನೀರು ಯಾರ ಕೈಯಲ್ಲಿದೆ?
ದೋಣಿ ಯಾರದ್ದು, ಓಡಿಸೋರು ಯಾರು?
ದುಡ್ಡು ಯಾರು ಹಾಕ್ತಾರೆ, ಉಳಿದ ದುಡ್ಡು ಎಲ್ಲಿಗೆ ಹೋಗುತ್ತೆ?
ಕೊನೆ ಲಾಂಚ್ ತಪ್ಪಿದ್ರೆ ಕಷ್ಟ ಯಾರಿಗೆ, ಅವರ ಮಾತು ಯಾರು ಕೇಳ್ತಾರೆ?

ಈ ರಜೆಗೆ ಊರಿಗೆ ಹೋದಾಗ ಯಾವುದಾದ್ರೂ ಒಂದನ್ನ ಆರಿಸ್ಕೊಳ್ಳಿ. ಊರಿನ ಕೆರೆ, ಬಸ್‌ಸ್ಟ್ಯಾಂಡ್, ಸಂತೆ ಮೈದಾನ ಏನಾದ್ರೂ ಆಗಬಹುದು. ಐದೂ ಪ್ರಶ್ನೆಗೆ ಉತ್ತರ ಬರ್ಕೊಂಡು ಬನ್ನಿ. ಮೊದಲ ನಾಲ್ಕಕ್ಕೆ ಯಾವುದಾದ್ರೂ ಕಚೇರಿಯಲ್ಲಿ ಉತ್ತರ ಸಿಗುತ್ತೆ. ಐದನೆಯದಕ್ಕೆ ಮಾತ್ರ ದಡದಲ್ಲಿ ಹೋಗಿ ಕೂರಬೇಕು. ಚೆನ್ನಾಗಿ ಬಂದ ಉತ್ತರಗಳನ್ನ ಮುಂದಿನ ಸಂಚಿಕೆಯಲ್ಲಿ ಹಾಕೋಣ.